ಉಂಡು ಮಲಗುವ ತನಕ

ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ನಾನು ಜೂನಿಯರ್ ಆಗಿದ್ದದ್ದು ಬರೀ ಎರಡು ವರ್ಷ. ಆ ಎರಡು ವರ್ಷದಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬಿದ್ದ ಕಾನೂನು ಯಾವ ಪುಸ್ತಕದಲ್ಲೂ ಇರಲಿಲ್ಲ. ಬೆನ್ನ ಮೇಲೆ ಬಾಸುಂಡೆ ಎದ್ದ ಹೆಂಗಸು ದೂರು ಕೊಡಲು ಹೋದರೆ ಅಲ್ಲಿನವರು, ಅಲ್ಲಿಂದ ತಿರುಗಿ ಬಂದರೆ ಮನೆಯ ಹಿರಿಯರು, ಕೊನೆಗೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರೆ ಒಮ್ಮೊಮ್ಮೆ ನಮ್ಮ ಗುಮಾಸ್ತರೇ ಹೇಳುತ್ತಿದ್ದದ್ದು ಒಂದೇ ಮಾತು: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ, ಮನೆಗೆ ಹೋಗು."

2014ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಒಂದು ಸಣ್ಣ ಕೋಣೆಯಲ್ಲಿ ಅದೇ ಮಾತು ಮತ್ತೆ ಸಿಕ್ಕಿತು. ಎದುರಿಗೆ ಕೂತವಳು ಗ್ವಾಟೆಮಾಲಾದವಳು. ಅವಳು ಮಾಮ್ ಭಾಷೆಯಲ್ಲಿ ಹೇಳಿದಳು, ದುಭಾಷಿ ಅದನ್ನು ಸ್ಪ್ಯಾನಿಷ್‌ಗೆ ತಂದಳು, ನಾನು ಇಂಗ್ಲಿಷಿನಲ್ಲಿ ಬರೆದುಕೊಂಡೆ. ಮೂರು ಭಾಷೆ ದಾಟಿ ಬಂದರೂ ಮಾತಿನ ಗುರುತು ಅಳಿಸಿರಲಿಲ್ಲ. ಅವಳ ಊರಿನ ಪೊಲೀಸಿನವನು ಅಂದದ್ದು: "ಇದು ಗಂಡ ಹೆಂಡತಿ ವಿಚಾರ, ನಾವು ಕೈ ಹಾಕೋದಿಲ್ಲ." ನಾನು ಬರೆಯುವುದನ್ನು ನಿಲ್ಲಿಸಿ ಉಳಿದದ್ದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಪೂರ್ತಿ ಮಾಡಿಕೊಂಡೆ.

ನಾನು ಅಲ್ಲಿಗೆ ಬಂದು ಸೇರಿದ ಕಥೆ ದೊಡ್ಡದೇನಲ್ಲ. ಮದುವೆ, ಗಂಡನ ಸಾಫ್ಟ್‌ವೇರ್ ಕೆಲಸ, 2007ರಲ್ಲಿ ವಿಮಾನ, ಆಮೇಲೆ ಎಚ್-4 ಅನ್ನೋ, ಓದಬಹುದು ಆದರೆ ದುಡಿಯಬಾರದು ಎನ್ನುವ ವೀಸಾ. ಓದಿದೆ. ಕ್ಯಾಲಿಫೋರ್ನಿಯಾದ ಬಾರ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ವಲಸಿಗರ ಕೇಸುಗಳನ್ನು ಪುಕ್ಕಟೆ ನಡೆಸುವ ಒಂದು ಸಣ್ಣ ಸಂಸ್ಥೆ ಸೇರಿಕೊಂಡೆ. ಸಂಬಳ ಕೇಳಿ ನಮ್ಮ ಅತ್ತೆ ಎರಡು ದಿನ ಮಾತಾಡಲಿಲ್ಲ.

ನಮ್ಮ ಊರಿಗೆ ಬೈಲಕುಪ್ಪೆ ಹತ್ತಿರ. ಚಿಕ್ಕಂದಿನಲ್ಲಿ ನಮಗೆ 'ನಿರಾಶ್ರಿತರು' ಅಂದರೆ ಟಿಬೆಟಿನವರು, ಅಷ್ಟೇ. 1960ರ ದಶಕದ ಮೊದಲಲ್ಲಿ ಸರ್ಕಾರ ಅವರಿಗೆ ಕಾಡು ಕಡಿದು ಉಳಲು ನೆಲ ಕೊಟ್ಟಿತು, ಬಂದರು, ಮುಸುಕಿನ ಜೋಳ ಬೆಳೆದರು, ಮಠ ಕಟ್ಟಿದರು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ, ಆದರೂ ಬೈಲಕುಪ್ಪೆ ಇದೆ. ಅಮೆರಿಕದಲ್ಲಿ ಇದು ತಿರುವುಮುರುವು. 1980ರ ನಿರಾಶ್ರಿತರ ಕಾಯ್ದೆ ಪುಸ್ತಕದಲ್ಲಿ ಅಚ್ಚುಕಟ್ಟಾಗಿದೆ, ಆದರೆ ಗಡಿ ದಾಟಿ ಬಂದು ಅಸೈಲಂ, ಅಂದರೆ ಆಶ್ರಯ, ಕೇಳುವ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ನಿಂತು ತನ್ನ ಭಯವನ್ನು ರುಜುವಾತು ಮಾಡಬೇಕು. ಭಯ ಇದ್ದರೆ ಸಾಲದು. ಅದಕ್ಕೆ ಐದು ಕಾರಣಗಳಲ್ಲಿ ಒಂದು ಇರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ 'ನಿರ್ದಿಷ್ಟ ಸಾಮಾಜಿಕ ಗುಂಪಿನ' ಸದಸ್ಯತ್ವ. ಗಂಡನ ಕೈಯಲ್ಲಿ ಸಾಯುವ ಭಯ ಈ ಪಟ್ಟಿಯಲ್ಲಿ ಎಲ್ಲಿದೆ? ಎರಡನೇ ಮಹಾಯುದ್ಧದ ಗಾಯ ಮಾಗದ ಹೊತ್ತಿನಲ್ಲಿ ಈ ಪಟ್ಟಿ ಬರೆದವರ ಕಣ್ಣೆದುರು ಇದ್ದದ್ದು ಸರ್ಕಾರಗಳ ಹಿಂಸೆ. ಅಡುಗೆಮನೆಯೊಳಕ್ಕೆ ಅವರು ಇಣುಕಿರಲಿಲ್ಲ.

ಇನ್ನು ಅವಳ ವಿಷಯ. ಹೆಸರು ಬೇಡ, ಹೆಸರು ಬದಲಿಸಿ ಹೇಳುವುದೂ ಬೇಡ. ವೆವೆತೆನಾಂಗೊ ಪ್ರಾಂತ್ಯದ ಕುಚುಮತಾನೆಸ್ ಬೆಟ್ಟದ ಮೇಲಿನ ಹಳ್ಳಿಯವಳು, ಆಗ ವಯಸ್ಸು 23. ಓಕ್‌ಲ್ಯಾಂಡಿನ ಫ್ರೂಟ್‌ವೇಲ್ ಬಡಾವಣೆಯಲ್ಲಿ ಆ ಬೆಟ್ಟದ ಮಾಮ್ ಜನ ಸಾವಿರಗಟ್ಟಲೆ ಇದ್ದಾರೆ, ಅವಳ ಅಕ್ಕನೂ ಅಲ್ಲೇ. 2013ರ ಫೆಬ್ರವರಿಯಲ್ಲಿ ಟೆಕ್ಸಾಸ್ ಗಡಿಯಲ್ಲಿ ಸಿಕ್ಕಿಬಿದ್ದು, 'ವಾಪಸ್ ಹೋಗಲು ಭಯ' ಎಂದು ಹೇಳಿ, ಮೊದಲ ಸಂದರ್ಶನ ದಾಟಿ, ಕೋರ್ಟಿಗೆ ಹಾಜರಾಗು ಎಂಬ ನೋಟಿಸಿನೊಂದಿಗೆ ಅಕ್ಕನ ಮನೆ ಸೇರಿದ್ದಳು. ಈ ದೇಶದಲ್ಲಿ ವಲಸೆ ಕೋರ್ಟಿಗೆ ಬಂದವರಿಗೆ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಯಾರೋ 'ನೋಟಾರಿಯೊ' ಎಂಬುವನಿಗೆ 1,500 ಡಾಲರ್ ಕೊಟ್ಟು, ಅವನು ಏನೋ ಬರೆದು ಎಲ್ಲೋ ಕಳಿಸಿದ್ದಾನೆ ಎಂದು ನಂಬಿಕೊಂಡು ಹತ್ತು ತಿಂಗಳು ಕಳೆದಿದ್ದಳು. ಲ್ಯಾಟಿನ್ ಅಮೆರಿಕದಲ್ಲಿ ನೋಟಾರಿಯೊ ಅಂದರೆ ದೊಡ್ಡ ವಕೀಲ. ಅಮೆರಿಕದಲ್ಲಿ ನೋಟರಿ ಅಂದರೆ ಬರೀ ಸಹಿಗೆ ಸಾಕ್ಷಿ ಹಾಕುವವನು. ಆ ಒಂದು ಪದದ ಸಂದಿಯಲ್ಲಿ ಎಷ್ಟು ಜನರ ದುಡ್ಡು ಸೋರಿಹೋಗಿದೆಯೋ.

ದುಡ್ಡು ಹೋದರೆ ಹೋಗಲಿ. ನನಗೆ ಎದೆ ಧಸಕ್ಕೆಂದದ್ದು ತಾರೀಖು ನೋಡಿ. ದೇಶದೊಳಕ್ಕೆ ಬಂದು ಒಂದು ವರ್ಷದೊಳಗೆ ಅಸೈಲಂ ಅರ್ಜಿ ಹಾಕಬೇಕು; 1996ರ ಕಾಯ್ದೆಯಲ್ಲಿ ಬಂದ ಗಡುವು ಇದು. ತಡವಾದರೆ ಒಂದೆರಡು ವಿನಾಯಿತಿ ಇವೆ, ನಂಬಿ ಕೂರುವ ಹಾಗಿಲ್ಲ. ಅವಳಿಗೆ ಉಳಿದದ್ದು ನಾಲ್ಕು ವಾರ. ಆಗಿನ ಪದ್ಧತಿಯಂತೆ ಅರ್ಜಿಯನ್ನು ಕೋರ್ಟಿನ ಕಿಟಕಿಯಲ್ಲಿ ಕೊಟ್ಟು ಬಂದರೆ ಲೆಕ್ಕಕ್ಕಿಲ್ಲ, ವಿಚಾರಣೆಯ ದಿನ ಜಡ್ಜ್ ಕೈಗೇ ಸೇರಬೇಕು. ವಿಚಾರಣೆಯ ದಿನಾಂಕ ಗಡುವಿನ ಆಚೆ ಬಿದ್ದವರು ಏನು ಮಾಡಬೇಕು ಎಂದು ಕೇಳಬೇಡಿ, ಅದೇ ಒಂದು ಬೇರೆ ಅರ್ಜಿ, ಬೇರೆ ಗೋಳು. (2016ರಲ್ಲಿ ಈ ಪದ್ಧತಿ ಹೋಯಿತು.) ಇವಳ ಅದೃಷ್ಟ, ಮೊದಲ ವಾಯಿದೆ ಗಡುವಿಗೆ ಹತ್ತು ದಿನ ಮುಂಚೆ ಇತ್ತು. 12 ಪುಟದ ಅರ್ಜಿಯನ್ನು ಹಗಲೂ ರಾತ್ರಿ ಕೂತು ತುಂಬಿಸಿ, ಕೋರ್ಟಿನಲ್ಲಿ ಸರದಿ ಬಂದಾಗ ಎದ್ದು ಕೊಟ್ಟೆ. ಜಡ್ಜ್ ಮೊಹರು ಹೊಡೆಸಿದರು. ಮೂರು ನಿಮಿಷದ ಕೆಲಸ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅರ್ಜಿ ಅಂದರೆ ಎಲುಬು ಮಾತ್ರ. ಮಾಂಸ ತುಂಬುವುದು ಆಕೆಯ ಅಫಿಡವಿಟ್. ಅದಕ್ಕೆ ಒಂಬತ್ತು ಸಿಟ್ಟಿಂಗ್ ಹಿಡಿಯಿತು. ಮೊದಲೆರಡು ಸಲ ದುಭಾಷಿಯಾಗಿ ಬಂದವನು ಗಂಡಸು, ಬಹಳ ಒಳ್ಳೆಯವನು, ಆಕೆಯ ಪಕ್ಕದೂರಿನವನು. ಅದೇ ತೊಂದರೆಯಾದದ್ದು. ಅವಳು ಜಗಳ ಎಂದಳು, ಹೊಡೆತ ಎಂದಳು, ಅದರಾಚೆ ಬಾಯಿ ಬಿಡಲಿಲ್ಲ. ಮೂರನೇ ಸಲ ಒಬ್ಬ ಹೆಂಗಸನ್ನು ಹುಡುಕಿ ತಂದೆವು. ಬೇರೆಯವರ ಮಕ್ಕಳನ್ನು ನೋಡಿಕೊಂಡು ಬದುಕುತ್ತಿದ್ದವಳು, ನಡುವಯಸ್ಸು, ಕೋರ್ಟು ಕಚೇರಿ ಕಂಡವಳಲ್ಲ. ಬಂದವಳು ಮೊದಲು ಕಾಲು ಗಂಟೆ ಆಕೆಯ ಅಜ್ಜಿ ಯಾರು, ಯಾವ ಓಣಿ, ನೀರಿಗೆ ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಮಾತಾಡಿದಳು. ನಮ್ಮ ಕಡೆಯ ಹೆಂಗಸರು ಬಸ್ಸಿನಲ್ಲಿ ಪಕ್ಕ ಕೂತರೆ ಮಾಡುತ್ತಾರಲ್ಲ, ಹಾಗೇ. ಆಮೇಲೆ ಎಲ್ಲ ಬಂತು. ಆ ದಿನ ಹೇಳಿದ್ದರಲ್ಲಿ ಅರ್ಧವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಬರೆಯಬೇಕಾದದ್ದು ದಿನಾಂಕಗಳ ಪಾಡು. ಸರ್ಕಾರಿ ವಕೀಲರು ಮೊದಲು ಕೈ ಹಾಕುವುದೇ ಅಲ್ಲಿಗೆ: ಸಂದರ್ಶನದಲ್ಲಿ ಮಾರ್ಚ್ ಅಂದಿದ್ದೀರಿ, ಅಫಿಡವಿಟ್‌ನಲ್ಲಿ ಮೇ ಇದೆ, ಹಾಗಾದರೆ ಯಾವುದು ಸುಳ್ಳು? ಆಕೆಗೆ ತಿಂಗಳುಗಳು ಗೊತ್ತಿದ್ದವು, ಆದರೆ ಆಕೆಯ ಬದುಕು ತಿಂಗಳುಗಳಲ್ಲಿ ನಡೆದಿರಲಿಲ್ಲ. ಕೈ ಮುರಿದದ್ದು ಯಾವಾಗ ಅಂದರೆ "ಜೋಳದ ತೆನೆ ಬಗ್ಗಿಸುವ ಹೊತ್ತು" ಎನ್ನುತ್ತಿದ್ದಳು. ನನಗೆ ಇದು ಹೊಸದಲ್ಲ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಕಟ್ಟೆ ಹತ್ತಿದ ರೈತ "ಹೊಗೆಸೊಪ್ಪು ಮುರಿಯೋ ಕಾಲ ಬುದ್ಧಿ, ದಸರಾ ಆಗಿ ಒಂದು ವಾರ" ಎಂದಾಗ ಬೆಂಚ್ ಕ್ಲರ್ಕ್ ಪಂಚಾಂಗ ತೆಗೆದು ತಾರೀಖು ಮಾಡಿಕೊಳ್ಳುತ್ತಿದ್ದ. ನಾನೂ ಒಂದು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದೆ. ಬಿತ್ತನೆ, ಕಳೆ, ತೆನೆ, ಕೊಯ್ಲು, ನವೆಂಬರ್ 1ರ ಸರ್ವಸಂತರ ಹಬ್ಬ, ಕ್ರಿಸ್‌ಮಸ್, ಈಸ್ಟರ್‌ಗೆ ಮುಂಚಿನ ಪವಿತ್ರ ವಾರ. ಆಕೆ ಬೆರಳಿಟ್ಟು ತೋರಿಸಿದಳು, ಇಲ್ಲಿ ಮೊದಲ ಸಲ, ಇಲ್ಲಿ ಮಗು, ಇಲ್ಲಿ ಕೈ, ಇಲ್ಲಿ ಓಡಿಹೋದದ್ದು. ಆ ಹಾಳೆಯನ್ನೇ ಅಫಿಡವಿಟ್‌ಗೆ ಲಗತ್ತಿಸಿದೆ. ನಮ್ಮ ಸಂಸ್ಥೆಯ ಹಿರಿಯ ವಕೀಲೆ ಹುಬ್ಬು ಹಾರಿಸಿದರು, ಆದರೆ ಬೇಡ ಎನ್ನಲಿಲ್ಲ.

ಇಷ್ಟೆಲ್ಲ ಮಾಡುವಾಗ ಕಾನೂನು ನಮ್ಮ ಕಡೆ ಇತ್ತೇ? ಇರಲೂ ಇಲ್ಲ, ಇಲ್ಲದೆಯೂ ಇರಲಿಲ್ಲ. 1996ರಲ್ಲಿ ಟೋಗೋ ದೇಶದ ಯುವತಿ ಫೌಜಿಯಾ ಕಸಿಂಜಾ ಪ್ರಕರಣದಲ್ಲಿ ವಲಸೆ ಮೇಲ್ಮನವಿ ಮಂಡಳಿ, ಹೆಣ್ಣಿನ ಜನನಾಂಗ ಛೇದನದ ಭಯಕ್ಕೆ ಅಸೈಲಂ ಉಂಟು ಎಂದಿತ್ತು. ಬಾಗಿಲು ತೆರೆಯಿತು ಅಂದುಕೊಳ್ಳುವಷ್ಟರಲ್ಲಿ, 1999ರಲ್ಲಿ ಅದೇ ಮಂಡಳಿ ಗ್ವಾಟೆಮಾಲಾದ ರೋಡಿ ಅಲ್ವರಾಡೊಗೆ ಇಲ್ಲ ಎಂದಿತು. ಆಕೆಯ ಗಂಡ ಮಾಜಿ ಸೈನಿಕ, ಹತ್ತು ವರ್ಷ ಹಿಂಸಿಸಿದ್ದ. ಹಿಂಸೆ ನಿಜ, ಆದರೆ ಅದು ಅವರ ಮನೆಯ ವಿಚಾರ ಅನ್ನುವುದು ಆ ತೀರ್ಪಿನ ತಿರುಳು. ನಮ್ಮ ಗುಮಾಸ್ತರ ಮಾತು ಸೂಟು ಹಾಕಿಕೊಂಡು ಬಂದ ಹಾಗೆ. ಎರಡು ವರ್ಷಕ್ಕೆ ಆಗಿನ ಅಟಾರ್ನಿ ಜನರಲ್ ಜಾನೆಟ್ ರೆನೊ ಆ ತೀರ್ಪನ್ನು ತೆಗೆದುಹಾಕಿದರು, ಆದರೂ ರೋಡಿ ಅಲ್ವರಾಡೊಗೆ ಅಸೈಲಂ ಸಿಕ್ಕಿದ್ದು 2009ರ ಡಿಸೆಂಬರಿನಲ್ಲಿ, ಓಡಿಬಂದು 14 ವರ್ಷದ ಮೇಲೆ. ಅದೂ ಬೇರೆಯವರು ಹಿಡಿದುಕೊಳ್ಳಬಹುದಾದ ಪೂರ್ವನಿದರ್ಶನವಾಗಲಿಲ್ಲ. 2010ರಲ್ಲಿ ನಮ್ಮ ಭಾಗದ ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಒಂಬತ್ತನೇ ಸರ್ಕಿಟ್ ಕೋರ್ಟು 'ಗ್ವಾಟೆಮಾಲಾದ ಹೆಂಗಸರೆಲ್ಲ ಅಂದರೆ ಒಂದು ಗುಂಪು ಎನ್ನಲಾಗದಷ್ಟು ದೊಡ್ಡ ಸಂಖ್ಯೆ' ಎಂಬ ಮಂಡಳಿಯ ತರ್ಕವನ್ನು ಒಪ್ಪದೆ ಪ್ರಕರಣವನ್ನು ವಾಪಸ್ ಕಳಿಸಿತ್ತು. ಅಷ್ಟರಮಟ್ಟಿಗೆ ಆಸೆ. ಉಳಿದದ್ದು ಯಾವ ಜಡ್ಜ್ ಸಿಗುತ್ತಾರೆ ಎಂಬುದರ ಮೇಲೆ.

2014ರ ಆಗಸ್ಟ್ 26. ಮಗನನ್ನು ಸ್ಕೂಲಿನಿಂದ ಕರೆದುಕೊಂಡು ಬರಲು ಕಾರಿನಲ್ಲಿ ಕಾಯುತ್ತಿದ್ದೆ. ಹಿರಿಯ ವಕೀಲೆಯ ಫೋನು. ಆಕೆ ಯಾವತ್ತೂ ಜೋರು ಮಾತಾಡುವವರಲ್ಲ, ಅವತ್ತು ಕಿರುಚಿದರು. "ಓದು, ಈಗಲೇ ಓದು." ಫೋನಿನ ಅಂಗೈಯಗಲದ ಪರದೆಯಲ್ಲಿ ಓದಿದೆ. ಎ-ಆರ್-ಸಿ-ಜಿ ಪ್ರಕರಣ. ಅಸೈಲಂ ತೀರ್ಪುಗಳಲ್ಲಿ ಕಕ್ಷಿದಾರರ ಹೆಸರು ಹೀಗೆ ಇನಿಷಿಯಲ್‌ಗಳಲ್ಲೇ ಬರುತ್ತದೆ. 17ಕ್ಕೆ ಮದುವೆ, ವಾರವಾರ ಹೊಡೆತ, ಮುರಿದ ಮೂಗು, ಮೈಮೇಲೆ ಎರಚಿದ ಪೇಂಟ್ ತಿನ್ನರ್. ಪೊಲೀಸರಲ್ಲಿಗೆ ಹೋದರೆ ಗಂಡ ಹೆಂಡತಿ ಮಧ್ಯೆ ನಾವು ಬರೋದಿಲ್ಲ ಎಂಬ ಉತ್ತರ. 'ಸಂಬಂಧವನ್ನು ಬಿಟ್ಟು ಹೊರಬರಲಾಗದ ಗ್ವಾಟೆಮಾಲಾದ ವಿವಾಹಿತ ಮಹಿಳೆಯರು' ಒಂದು ನಿರ್ದಿಷ್ಟ ಸಾಮಾಜಿಕ ಗುಂಪಾಗಬಹುದು ಎಂದು ಮಂಡಳಿ ಹೇಳಿತ್ತು. ಸರ್ಕಾರದ ವಕೀಲರೇ ಇದನ್ನು ಒಪ್ಪಿಕೊಂಡಿದ್ದರು. ತೀರ್ಪು ಪ್ರಕಟಿತ, ಅಂದರೆ ದೇಶದ ಪ್ರತಿ ವಲಸೆ ಜಡ್ಜನ್ನೂ ಕಟ್ಟುವಂಥದ್ದು. ಮಗ ಬಂದು ಕಿಟಕಿ ತಟ್ಟಿದಾಗ ನಾನು ಬಾಗಿಲು ತೆಗೆಯುವುದನ್ನೇ ಮರೆತಿದ್ದೆನಂತೆ.

ಆ ರಾತ್ರಿ ಮತ್ತೆ ನಿಧಾನಕ್ಕೆ ಓದಿದಾಗ ಒಂದು ಪದ ಗಂಟಲಿಗೆ ಸಿಕ್ಕಿಕೊಂಡಿತು. 'ವಿವಾಹಿತ.'

ನನ್ನ ಕಕ್ಷಿದಾರಳಿಗೆ ಮದುವೆ ಆಗಿರಲಿಲ್ಲ. ಬೆಟ್ಟದ ಹಳ್ಳಿಗಳಲ್ಲಿ ಬಹಳ ಜನ ಹಾಗೇ: 'ಕೂಡಿಕೊಂಡಿದ್ದೇವೆ' ಅನ್ನುತ್ತಾರೆ. 15ನೇ ವಯಸ್ಸಿನಲ್ಲಿ ಅವನ ಮನೆಯವರು ಬಂದು ಅವಳ ಅಪ್ಪನ ಜೊತೆ ಮಾತಾಡಿ ಕರೆದುಕೊಂಡು ಹೋದರು, ಅಷ್ಟೇ. ಚರ್ಚಿಲ್ಲ, ರಿಜಿಸ್ಟರ್ ಇಲ್ಲ. ಮಗಳ ಜನನ ಪತ್ರದಲ್ಲಿ ಅಪ್ಪನ ಹೆಸರೂ ಇಲ್ಲ, ಏಕೆಂದರೆ ಬರೆಸಲು ಅವನು ಹೋಗಲೇ ಇಲ್ಲ. ಸರ್ಕಾರದ ವಕೀಲರು ಏನು ಹೇಳುತ್ತಾರೆಂದು ನನಗೆ ಬಾಯಿಪಾಠವಿತ್ತು: ಮದುವೆಯೇ ಇಲ್ಲ ಅಂದಮೇಲೆ ಬಿಟ್ಟು ಬರಲು ಅಡ್ಡಿ ಏನು?

ಇಲ್ಲಿ ನನ್ನ ಕೈ ಹಿಡಿದದ್ದು ಲಾ ಸ್ಕೂಲಲ್ಲ, ನಮ್ಮ ತಾಲ್ಲೂಕಿನ ಸೀನಿಯರ್ರು. ಅವರ ಬಳಿ ಒಬ್ಬ ಹೆಂಗಸಿನ ಜೀವನಾಂಶದ ಕೇಸಿತ್ತು, ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ. ಅವಳದು ಕೂಡಾವಳಿ. ಲಗ್ನಪತ್ರಿಕೆ ಇಲ್ಲ, ತಾಳಿ ಕಟ್ಟಿದ್ದಕ್ಕೆ ಫೋಟೋ ಇಲ್ಲ. 'ಇವಳು ನನ್ನ ಹೆಂಡತಿಯೇ ಅಲ್ಲ' ಎಂದು ಅವನು ನಿರಾಳವಾಗಿ ಹೇಳಿಬಿಟ್ಟ. ನಾನು ಕಡತ ಮುಚ್ಚಿ ಕೂತಿದ್ದಾಗ ಸೀನಿಯರ್ರು ಅಂದರು: "ಮದುವೆಗೆ ಫೋಟೋ ಇಲ್ದಿದ್ರೆ ಏನಂತೆ, ಸಂಸಾರಕ್ಕೆ ಸಾಕ್ಷಿ ಇದ್ದೇ ಇರ್ತದೆ. ಹುಡುಕಮ್ಮ." ರೇಷನ್ ಕಾರ್ಡು, ಮತದಾರರ ಪಟ್ಟಿ, ಮಗುವಿನ ಶಾಲೆಯ ದಾಖಲಾತಿ, ಪಕ್ಕದ ಮನೆಯ ಅಜ್ಜಿ. ಗೆದ್ದೆವು.

ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಗ್ವಾಟೆಮಾಲಾಕ್ಕೆ ಹುಡುಕಾಟ ಶುರು ಮಾಡಿದೆ. ಆಕೆಯ ಅಮ್ಮ ಫೋನ್ ಹಿಡಿಯಲು ಬೆಟ್ಟ ಹತ್ತಿ ಸಿಗ್ನಲ್ ಇರುವ ಕಡೆ ನಿಲ್ಲಬೇಕಿತ್ತು. ಮೂರು ತಿಂಗಳಲ್ಲಿ ಬಂದದ್ದು ಇಷ್ಟು: ಊರಿನ ಆರೋಗ್ಯ ಕೇಂದ್ರದ ಲಸಿಕೆ ಕಾರ್ಡು, ಅದರಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಅವನ ಹೆಸರು ನರ್ಸಿನ ಕೈಬರಹದಲ್ಲಿ, ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವರ ಪತ್ರ, 'ಇವರಿಬ್ಬರೂ ಗಂಡ ಹೆಂಡತಿ ಎಂದೇ ಊರಿಗೆ ಗೊತ್ತು' ಎಂದು, ಅಕ್ಕನ ಅಫಿಡವಿಟ್. ಜೊತೆಗೆ ಗ್ವಾಟೆಮಾಲಾ 2008ರಲ್ಲಿ ಸ್ತ್ರೀಹತ್ಯೆಯ ವಿರುದ್ಧ ಮಾಡಿದ ವಿಶೇಷ ಕಾಯ್ದೆಯ ಪ್ರತಿ, ಆ ಕಾಯ್ದೆ ಬೆಟ್ಟದ ಹಳ್ಳಿಗಳನ್ನು ಮುಟ್ಟಿಲ್ಲ ಎನ್ನುವ ವರದಿಗಳು, ಮನೋವೈದ್ಯರ ವರದಿ. ನಾವು ಗುಂಪಿನ ಹೆಸರನ್ನೂ ಬದಲಿಸಿದೆವು: 'ಕೌಟುಂಬಿಕ ಸಂಬಂಧವನ್ನು ಬಿಟ್ಟು ಹೊರಬರಲಾಗದ ಗ್ವಾಟೆಮಾಲಾದ ಮಹಿಳೆಯರು.' ಒಟ್ಟು 400 ಪುಟ ಮೀರಿತು. ಪ್ರತಿ ಸ್ಪ್ಯಾನಿಷ್ ಕಾಗದಕ್ಕೂ ಅನುವಾದ, ಪ್ರತಿ ಅನುವಾದಕ್ಕೂ ಅನುವಾದಕನ ಪ್ರಮಾಣಪತ್ರ. ಈ ಕೆಲಸದಲ್ಲಿ ವೀರಾವೇಶದ ವಾದ ಒಂದು ಪಾಲಾದರೆ ಸ್ಟೇಪ್ಲರ್ ಒಂಬತ್ತು ಪಾಲು.

2014ರ ಬೇಸಿಗೆಯಲ್ಲಿ ಹೆತ್ತವರಿಲ್ಲದೆ ಗಡಿಗೆ ಬಂದ ಮಕ್ಕಳ ಸಂಖ್ಯೆ ವಿಪರೀತ ಏರಿ (ಆ ಹಣಕಾಸು ವರ್ಷದಲ್ಲಿ 68,000ಕ್ಕೂ ಹೆಚ್ಚು), ಅವರ ಕೇಸುಗಳಿಗೆ ಮೊದಲ ಸರದಿ ಕೊಟ್ಟರು. ಉಳಿದವರು ಹಿಂದೆ ಸರಿದರು. ನಮಗೆ ಸಿಕ್ಕಿದ ದಿನಾಂಕ 2015ರ ಸೆಪ್ಟೆಂಬರ್.

ಅವತ್ತು ಆಕೆ ಊರಿನಿಂದ ತರಿಸಿದ ಕೈಮಗ್ಗದ ವಿಪೀಲ್, ಅಂದರೆ ಕಸೂತಿಯ ರವಿಕೆ, ಹಾಕಿಕೊಂಡು ಬಂದಿದ್ದಳು. ನಾವೆಲ್ಲ ಸಜ್ಜು. ಕೋರ್ಟಿಗೆ ಮಾಮ್ ದುಭಾಷಿ ಫೋನಿನಲ್ಲಿ ಸಿಕ್ಕಿದ. ಮೂರು ಪ್ರಶ್ನೆ ಆಗುವಷ್ಟರಲ್ಲಿ ಆಕೆ ನನ್ನ ಮುಖ ನೋಡಿದಳು. ಅವನ ಮಾತು ಅವಳಿಗೆ ಅರ್ಥವಾಗುತ್ತಿಲ್ಲ. ಮಾಮ್‌ನಲ್ಲಿ ಬೆಟ್ಟಕ್ಕೊಂದು ಬಗೆ ಇದೆ. ಕುಂದಾಪುರದ ಅಜ್ಜಿಗೆ ಬೀದರಿನ ದುಭಾಷಿಯನ್ನು ಕೊಟ್ಟ ಹಾಗಾಯಿತು. ಹೇಗೋ ಮುಂದುವರಿಸೋಣ ಎಂಬ ಆಸೆ ಒಂದು ಕ್ಷಣ ನನಗೂ ಬಂತು, ಏಕೆಂದರೆ ಮುಂದಿನ ದಿನಾಂಕ ಯಾವಾಗಲೋ. ಆದರೆ ತಪ್ಪಾಗಿ ಅನುವಾದವಾದ ಒಂದು ವಾಕ್ಯ ಮೇಲ್ಮನವಿಯವರೆಗೂ ಬೆನ್ನು ಹತ್ತಿ ಬರುತ್ತದೆ. ಎದ್ದು ಆಕ್ಷೇಪಿಸಿದೆ. ವಾಯಿದೆ ಬಿತ್ತು, ಐದು ತಿಂಗಳು. ವಾಯಿದೆ ನಮ್ಮ ಕೋರಿಕೆ ಎಂದು ದಾಖಲಾಗದಂತೆಯೂ ನೋಡಿಕೊಳ್ಳಬೇಕಿತ್ತು. ನಾವೇ ಕೇಳಿಕೊಂಡದ್ದು ಅಂತಾದರೆ ಕೆಲಸದ ಪರವಾನಗಿಯ ದಿನ ಎಣಿಸುವ ಗಡಿಯಾರ ಅಲ್ಲೇ ನಿಂತುಬಿಡುತ್ತದೆ. ಅವಳಿಗೆ ಪರವಾನಗಿ ಅಷ್ಟರಲ್ಲಿ ಬಂದಿತ್ತು, ಹೋಟೆಲೊಂದರಲ್ಲಿ ತರಕಾರಿ ಹೆಚ್ಚುವ ಕೆಲಸ. ಆದರೂ ಆ ಅಭ್ಯಾಸ ಬಿಡಲಾಗುವುದಿಲ್ಲ.

2016ರ ಫೆಬ್ರವರಿ. ವಲಸೆ ಕೋರ್ಟಿನ ಕೋಣೆ ನಮ್ಮ ತಾಲ್ಲೂಕು ಕೋರ್ಟಿಗಿಂತ ಸಣ್ಣದು. ಜ್ಯೂರಿ ಇಲ್ಲ, ಗುಂಪಿಲ್ಲ. ಜಡ್ಜ್, ಅವರ ಮುಂದೆ ಧ್ವನಿಮುದ್ರಣ ಯಂತ್ರ, ಒಂದು ಮೇಜಿಗೆ ಸರ್ಕಾರದ ವಕೀಲ, ಒಂದು ಮೇಜಿಗೆ ನಾವು. ಈ ಸಲದ ದುಭಾಷಿಯ ಮಾಮ್ ಅವಳೂರಿನದೇ. ಅವನು ಮಾಮ್‌ನಿಂದ ಸ್ಪ್ಯಾನಿಷ್‌ಗೆ, ಇನ್ನೊಬ್ಬಾಕೆ ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಎರಡು ನಿಮಿಷ. ಆ ನಿಧಾನ ನಮಗೆ ಒಳ್ಳೆಯದೇ ಆಯಿತು ಅಂತ ಈಗ ಅನಿಸುತ್ತದೆ. ಅವಳು ಅಳುವುದಕ್ಕೂ ಸುಧಾರಿಸಿಕೊಳ್ಳುವುದಕ್ಕೂ ಹೊತ್ತು ಸಿಗುತ್ತಿತ್ತು.

ಪಾಟೀ ಸವಾಲು ಶುರುವಾಯಿತು. ವಕೀಲ ಚಿಕ್ಕ ವಯಸ್ಸಿನವನು, ಸಭ್ಯ. ಬೇರೆ ಊರಿಗೆ ಏಕೆ ಹೋಗಲಿಲ್ಲ? ಹೋಗಿದ್ದೆ, ಶೇಲಾ ಪಟ್ಟಣದಲ್ಲಿ ಮನೆಗೆಲಸಕ್ಕೆ ಸೇರಿದ್ದೆ, ಮೂರು ವಾರದಲ್ಲಿ ಅವನ ದೊಡ್ಡಪ್ಪನ ಮಗ ಸಂತೆಯಲ್ಲಿ ನೋಡಿದ, ಮಾರನೇ ದಿನ ಅವನು ಬಾಗಿಲಲ್ಲಿದ್ದ. ಪೊಲೀಸರಿಗೆ ಎಷ್ಟು ಸಲ? ಎರಡು ಸಲ. ಮೂರನೇ ಸಲ ಏಕಿಲ್ಲ? ಎರಡನೇ ಸಲ ಹೋಗಿ ಬಂದ ರಾತ್ರಿಯೇ ಕೈ ಮುರಿದದ್ದು.

ಆಮೇಲೆ ಅವನು ನಾನು ಹೆದರಿಕೊಂಡಿದ್ದ ಕಾಗದ ತೆಗೆದ. ಗಡಿಯಲ್ಲಿ ಸಿಕ್ಕಿದ ದಿನ ಬರೆದುಕೊಂಡ ಒಂದು ಪುಟ: 'ಅಮೆರಿಕಕ್ಕೆ ಬಂದ ಉದ್ದೇಶ: ಕೆಲಸ.'

"ನೀವು ಕೆಲಸಕ್ಕೆ ಬಂದೆ ಅಂತ ಹೇಳಿದ್ದು ನಿಜವೇ?"

ಪ್ರಶ್ನೆ ಸ್ಪ್ಯಾನಿಷ್ ಆಯಿತು, ಮಾಮ್ ಆಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಉತ್ತರ ತಿರುಗಿ ಬಂದಾಗ ಹೀಗಿತ್ತು: "ಅವರು ಸ್ಪ್ಯಾನಿಷ್‌ನಲ್ಲಿ, ಇಲ್ಲಿ ಏನು ಮಾಡ್ತೀಯ ಅಂತ ಕೇಳಿದರು. ಕೆಲಸ ಮಾಡ್ತೀನಿ ಅಂದೆ. ಕೆಲಸ ಮಾಡದೆ ಹೇಗೆ ಇರಲಿ? ಅಲ್ಲಿಂದ ಯಾಕೆ ಬಂದೆ ಅಂತ ಅವರು ಕೇಳಲಿಲ್ಲ."

ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಅದಕ್ಕೆ ನಾನು ಸಿದ್ಧ ಮಾಡಿದ್ದ ಕಾನೂನಿನ ಉತ್ತರ ಮುಕ್ಕಾಲು ಪುಟವಿತ್ತು. ಅದನ್ನು ಓದಲೇ ಇಲ್ಲ.

ಜಡ್ಜ್ ತೀರ್ಪನ್ನು ಯಂತ್ರಕ್ಕೆ ಹೇಳತೊಡಗಿದರು. ಸಾಕ್ಷಿ ನಂಬಲರ್ಹ. ಮದುವೆಯ ಕಾಗದ ಇಲ್ಲ, ಆದರೆ ಆ ಊರಿನ ಕಣ್ಣಿಗೆ ಇದು ಮದುವೆಯೇ. ಲಸಿಕೆ ಕಾರ್ಡಿನ ಉಲ್ಲೇಖ ಬಂದಾಗ ನನ್ನ ಕಣ್ಣು ತುಂಬಿತು. ಹಿಂದೆ ಹಿಂಸೆಯಾದದ್ದು ರುಜುವಾತಾದರೆ ಮುಂದಿನ ಭಯವನ್ನು ಕಾನೂನೇ ಊಹಿಸಿಕೊಳ್ಳುತ್ತದೆ, ಆಗ ಅದು ಸುಳ್ಳೆಂದು ತೋರಿಸುವ ಹೊರೆ ಸರ್ಕಾರದ ತಲೆಗೆ. ಆ ಹೊರೆಯನ್ನು ಸರ್ಕಾರ ಹೊತ್ತಿಲ್ಲ ಎಂದರು. ಅಸೈಲಂ ಮಂಜೂರು. ಇಂಗ್ಲಿಷಿನಲ್ಲಿ ಒಂದು ಸಾಲು. ಮಾಮ್ ದುಭಾಷಿ ಅದನ್ನು ಹೇಳಲು ಬಹಳ ಹೊತ್ತು ತೆಗೆದುಕೊಂಡ; ಏನೇನು ಸೇರಿಸಿದನೋ ಕೇಳಲಿಲ್ಲ. ಅವಳು ನನ್ನನ್ನು ಕೇಳಿದ್ದು: "ಮತ್ತೆ ಯಾವಾಗ ಬರಬೇಕು?"

ಬರಬೇಕಾಗಿಲ್ಲ ಎನ್ನುವ ಹಾಗೂ ಇರಲಿಲ್ಲ. ಸರ್ಕಾರದ ವಕೀಲ ಮೇಲ್ಮನವಿಯ ಹಕ್ಕು ಉಳಿಸಿಕೊಂಡಿದ್ದ, 30 ದಿನ. ಕೋರ್ಟಿನದೊಂದು ಸ್ವಯಂಚಾಲಿತ ಫೋನ್ ಇದೆ, ಕಕ್ಷಿದಾರರ ಒಂಬತ್ತು ಅಂಕಿಯ ನಂಬರು ಒತ್ತಿದರೆ ಕೇಸಿನ ಸ್ಥಿತಿ ಹೇಳುತ್ತದೆ. ಆ 30 ದಿನ ಬೆಳಗ್ಗೆ ಕಾಫಿಗೆ ಮುಂಚೆ ಆ ನಂಬರು ಒತ್ತಿದ್ದೇನೆ. 31ನೇ ದಿನವೂ ಮೇಲ್ಮನವಿ ದಾಖಲಾಗಿಲ್ಲ ಎಂದೇ ಆ ಧ್ವನಿ ಹೇಳಿತು, ಅದೇ ನಿರ್ಭಾವದಿಂದ. ಅವಳಿಗೆ ಫೋನ್ ಮಾಡಿದೆ. "ಚ್ಯೋಂತೆ" ಅಂದಳು. ಮಾಮ್‌ನಲ್ಲಿ ಕೃತಜ್ಞತೆಯ ಮಾತು ಅದು, ನನಗೆ ಬರುವ ನಾಲ್ಕು ಪದಗಳಲ್ಲಿ ಒಂದು.

ಅಸೈಲಂ ಸಿಕ್ಕವರು ಎರಡು ವರ್ಷದೊಳಗೆ ಮಕ್ಕಳಿಗಾಗಿ ಅರ್ಜಿ ಹಾಕಬಹುದು. ಮಗಳು ಅಜ್ಜಿಯ ಹತ್ತಿರ ಇದ್ದಳು. ಪಾಸ್‌ಪೋರ್ಟಿಗೆ ಅಪ್ಪನ ಸಹಿ ಬೇಕಾದೀತು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಅವಳೇ ನೆನಪಿಸಿದಳು: ಜನನ ಪತ್ರದಲ್ಲಿ ಅಪ್ಪನ ಹೆಸರೇ ಇಲ್ಲವಲ್ಲ. ಎರಡು ವರ್ಷ ನನ್ನ ನಿದ್ದೆ ಕೆಡಿಸಿದ್ದ ಆ ಖಾಲಿ ಜಾಗ ಈಗ ವರವಾಯಿತು. ಹುಡುಗಿ 2017ರಲ್ಲಿ ಬಂದಳು, ಒಂಬತ್ತು ವರ್ಷ. ಲಸಿಕೆ ಕಾರ್ಡಿನ ಮೂಲಪ್ರತಿ ಅವಳ ಪ್ಲಾಸ್ಟಿಕ್ ಕವರಿನಲ್ಲಿತ್ತು. ನಾನು ಅದನ್ನು ವಾಟ್ಸಾಪ್ ಫೋಟೋದಲ್ಲಿ ಮಾತ್ರ ನೋಡಿದ್ದೆ. ಅಂದುಕೊಂಡದ್ದಕ್ಕಿಂತ ಸಣ್ಣದು, ಒಂದು ಮೂಲೆ ಇಲಿ ಕಡಿದಿತ್ತು.

ಮುಂದಿನ ವರ್ಷ ಜೂನ್ 11ಕ್ಕೆ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಎ-ಬಿ ಎಂಬ ಪ್ರಕರಣದಲ್ಲಿ 2014ರ ತೀರ್ಪನ್ನು ತಳ್ಳಿಹಾಕಿದರು. ವಲಸೆ ಕೋರ್ಟುಗಳು ಇಲ್ಲಿ ನ್ಯಾಯಾಂಗಕ್ಕೆ ಸೇರಿದವಲ್ಲ, ನ್ಯಾಯ ಇಲಾಖೆಯವು; ಇಲಾಖೆಯ ಮುಖ್ಯಸ್ಥರು ಬಯಸಿದರೆ ಕೇಸನ್ನು ತಮ್ಮ ಬಳಿ ತರಿಸಿಕೊಂಡು ಪೂರ್ವನಿದರ್ಶನ ಅಳಿಸಬಹುದು. ಅವತ್ತು ಸಂಜೆ ಅವಳ ಫೋನು: "ನನ್ನದು ಹೋಯಿತಾ?" ಇಲ್ಲಮ್ಮ, ಗೆದ್ದದ್ದು ಗೆದ್ದದ್ದೇ. 2021ರ ಜೂನ್‌ನಲ್ಲಿ ಆಗಿನ ಅಟಾರ್ನಿ ಜನರಲ್ ಮೆರಿಕ್ ಗಾರ್ಲೆಂಡ್ ಸೆಷನ್ಸರ ತೀರ್ಪನ್ನು ತೆಗೆದುಹಾಕಿದಾಗ ನಾವು ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. 2025ರಲ್ಲಿ ಅದೇ ಸೆಷನ್ಸರ ತೀರ್ಪನ್ನು ಮತ್ತೆ ಎಬ್ಬಿಸಿ ಕೂರಿಸಿದರು. ಈಗ ಯಾರೂ ಒಂದೇ ಗುಂಪಿನ ಮೇಲೆ ಕೇಸು ಕಟ್ಟುವುದಿಲ್ಲ. ಮಾಮ್ ಜನಾಂಗ ಎಂಬ ಕಾರಣ, ಗಂಡಿನ ಅಧಿಕಾರ ಒಪ್ಪದಿರುವುದೇ ಒಂದು ರಾಜಕೀಯ ಅಭಿಪ್ರಾಯ ಎಂಬ ವಾದ, ಸರ್ಕಿಟ್ ಕೋರ್ಟಿನವರೆಗೆ ಹೋಗಲು ಬೇಕಾದ ಆಕ್ಷೇಪಣೆ ಎಲ್ಲ ಮೊದಲ ದಿನದಿಂದಲೇ ಕಡತದಲ್ಲಿರುತ್ತವೆ. ಕಷ್ಟ ಹೆಚ್ಚಿದೆ, ನಿಜ. ಆದರೆ 1987ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಅಳತೆ ಇನ್ನೂ ಅಳಿದಿಲ್ಲ: ಹಿಂಸೆ ಆಗುವ ಸಾಧ್ಯತೆ ಹತ್ತರಲ್ಲಿ ಒಂದು ಪಾಲು ಇದ್ದರೂ ಆ ಭಯ ಸಕಾರಣವಾದದ್ದೇ.

ಹೋದ ವಾರ ಹೊಸಬಳೊಬ್ಬಳು ಬಂದಳು, ಅದೇ ಬೆಟ್ಟಸಾಲಿನವಳು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆ ದುಭಾಷಿಗೆ ಈಗ ಇದೇ ವೃತ್ತಿ. ಆಕೆ ತನ್ನ ಕಾಲು ಗಂಟೆಯ ಅಜ್ಜಿ ಓಣಿ ನೀರು ಎಲ್ಲ ಮುಗಿಸಿ ನನ್ನ ಕಡೆ ತಲೆಯಾಡಿಸಿದಳು. ನಾನು ದೊಡ್ಡ ಹಾಳೆ ಬಿಡಿಸಿ ಗೆರೆ ಎಳೆದು ಕೇಳಿದೆ: "ನಿಮ್ಮೂರಲ್ಲಿ ಜೋಳ ಯಾವಾಗ ಬಿತ್ತುತ್ತಾರೆ?"